ಬಂಡೆಯೂ ಹಸಿರಾಗಿದ್ದ ನಕ್ಷೆ: ಹಿಮಾಲಯದ ಒಂದು ಕಣಿವೆಯ ಪ್ರಕರಣ ಅಧ್ಯಯನ

ಉತ್ತರಾಖಂಡದ ಗಢವಾಲ ಭಾಗದ ಒಂದು ಎತ್ತರದ ಕಣಿವೆ. ಕೆಳಗೆ ಭೂರ್ಜ ಮರಗಳ ಕೊನೆಯ ಸಾಲು, ಅದರ ಮೇಲೆ ರೋಡೋಡೆಂಡ್ರಾನ್ ಮತ್ತು ಜುನಿಪರ್ ಪೊದೆ, ಆಮೇಲೆ ಅಲ್ಲಿನವರು ಬುಗ್ಯಾಲ್ ಎನ್ನುವ ಹುಲ್ಲುಗಾವಲು, ಅದಕ್ಕೂ ಮೇಲೆ ಕಲ್ಲುರಾಶಿ ಮತ್ತು ಹಿಮನದಿ. 3,200ರಿಂದ 5,500 ಮೀಟರ್ ಎತ್ತರದವರೆಗಿನ ಈ ಪಟ್ಟಿಯಲ್ಲಿ ಸಸ್ಯ ಹೆಚ್ಚುತ್ತಿದೆಯೋ ಕಮ್ಮಿಯಾಗುತ್ತಿದೆಯೋ ಎಂದು ಉಪಗ್ರಹ ಚಿತ್ರಗಳಿಂದ ಹೇಳುವ ಕೆಲಸ ಒಂದು ಸಣ್ಣ ತಂಡಕ್ಕೆ ಬಂತು. ಕಣಿವೆ, ಕೆಲಸ ಒಪ್ಪಿಸಿದ ಕಚೇರಿ, ತಂಡ, ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ. ಎತ್ತರದ ಬೆಟ್ಟಗಳ ಮೇಲೆ ಇದೇ ಕೆಲಸಕ್ಕೆ ಕೈಹಾಕುವವರು ಇದೇ ಗುಂಡಿಗಳಿಗೆ ಬೀಳುತ್ತಾರೆ. ಎಲ್ಲಿ ಬಿದ್ದರು, ಹೇಗೆ ಎದ್ದರು ಎನ್ನುವುದಷ್ಟೇ ಇಲ್ಲಿ ಮುಖ್ಯ.

ಹಿನ್ನೆಲೆ

ಕೆಲಸಕ್ಕೆ ಪ್ರೇರಣೆ ಇತ್ತು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 1993ರಿಂದ 2018ರವರೆಗಿನ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು ಬಳಸಿ, ಹಿಂದೂಕುಷ್ ಹಿಮಾಲಯದಲ್ಲಿ ಮರಗಳ ಗಡಿಗೂ ಹಿಮದ ಗಡಿಗೂ ನಡುವೆ ಸಸ್ಯ ಹರಡುತ್ತಿದೆ ಎಂದು 2020ರಲ್ಲಿ ಪ್ರಕಟಿಸಿದ್ದರು. 5,000ದಿಂದ 5,500 ಮೀಟರ್ ಪಟ್ಟಿಯಲ್ಲಿ ಈ ಒಲವು ಎದ್ದು ಕಂಡಿತ್ತು. ಅದು ಇಡೀ ಪರ್ವತಶ್ರೇಣಿಯ ಮಾತು. ಒಂದೇ ಕಣಿವೆಗೆ, ಅದೂ ಮೇವಿನ ನಿರ್ವಹಣೆಗೆ ಬಳಸುವ ಮಟ್ಟದಲ್ಲಿ, ಹಾಗೆ ಹೇಳಲಾಗುತ್ತದೆಯೇ ಎಂಬುದು ತಂಡದ ಮುಂದಿದ್ದ ಪ್ರಶ್ನೆ.

ಉಪಕರಣ ಎಲ್ಲರಿಗೂ ಗೊತ್ತಿರುವುದೇ: ಎನ್‌ಡಿವಿಐ, ಅಂದರೆ ಹಸಿರು ಸೂಚ್ಯಂಕ. ಸಮೀಪ ಅವಗೆಂಪು (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು) ಪ್ರತಿಫಲನದಿಂದ ಕೆಂಪು ಪ್ರತಿಫಲನವನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸುವುದು. ಎಲೆ ಕೆಂಪನ್ನು ಹೀರುತ್ತದೆ, ಅವಗೆಂಪನ್ನು ಹಿಂದಕ್ಕೆ ಎರಚುತ್ತದೆ. ದಟ್ಟ ಹುಲ್ಲುಗಾವಲಿನಲ್ಲಿ ಸೂಚ್ಯಂಕ 0.7 ದಾಟುತ್ತದೆ, ಬರಿಯ ಕಲ್ಲಿನಲ್ಲಿ 0.1ರ ಕೆಳಗೆ ಇರುತ್ತದೆ. ಎತ್ತರದಲ್ಲಿ ತೊಂದರೆ ಶುರುವಾಗುವುದು ಇವೆರಡರ ನಡುವೆ. ಅಲ್ಲಿ ಚಿತ್ರದ ಅತಿ ಚಿಕ್ಕ ಚೌಕವಾದ, 30 ಮೀಟರಿನ ಒಂದು ಪಿಕ್ಸೆಲ್‌ನಲ್ಲಿ ಮುಕ್ಕಾಲು ಭಾಗ ಕಲ್ಲು, ಸಂದಿಗೊಂದಿಯಲ್ಲಿ ಗಿಡ. ಸೂಚ್ಯಂಕ 0.08ರಿಂದ 0.2ರ ಆಸುಪಾಸಿನಲ್ಲೇ ತೂಗಾಡುತ್ತದೆ. 0.1 ದಾಟಿದರೆ ಸಸ್ಯ ಇದೆ ಎಂದು ಎಣಿಸುವ ರೂಢಿ ಇಟ್ಟುಕೊಂಡರೆ, 0.02ರಷ್ಟು ತಪ್ಪು ಸಾಕು, ಇಡೀ ಇಳಿಜಾರು ರಾತ್ರೋರಾತ್ರಿ ಚಿಗುರಿದಂತೆ ಕಾಣುತ್ತದೆ.

ಮೊದಲ ನಕ್ಷೆ

ಲ್ಯಾಂಡ್‌ಸ್ಯಾಟ್ 5, 7 ಮತ್ತು 8ರ ಎರಡನೇ ಸಂಗ್ರಹದ (ಎರಡನೇ ಸಲ ಸಂಸ್ಕರಿಸಿ ಹೊರಬಿಟ್ಟ) ಮೇಲ್ಮೈ ಪ್ರತಿಫಲನ ಚಿತ್ರಗಳನ್ನು ತೆಗೆದುಕೊಂಡು, ಮೋಡ ಕಳೆದು, ಪ್ರತಿ ವರ್ಷ ಪ್ರತಿ ಪಿಕ್ಸೆಲ್‌ಗೆ ಗರಿಷ್ಠ ಸೂಚ್ಯಂಕ ಆರಿಸಿ, ವರ್ಷಗಳುದ್ದಕ್ಕೂ ಒಲವಿನ ಗೆರೆ ಎಳೆದರು. ಎಲ್ಲರೂ ಮಾಡುವ ದಾರಿ ಅದು.

ಮೊದಲ ಎಡವಟ್ಟು ಚಿಕ್ಕದು, ಬೇಗ ಸಿಕ್ಕಿತು. ಬಳಸಿದ ಸ್ಕ್ರಿಪ್ಟ್ ಹಳೆಯ ಮೊದಲ ಸಂಗ್ರಹಕ್ಕೆ ಬರೆದದ್ದು. ಅಲ್ಲಿ ಅಂಕಿಯನ್ನು 0.0001ರಿಂದ ಗುಣಿಸಿದರೆ ಪ್ರತಿಫಲನ ಸಿಗುತ್ತಿತ್ತು. ಸೂಚ್ಯಂಕ ಅನುಪಾತವಾದ್ದರಿಂದ ಗುಣಿಸದಿದ್ದರೂ ನಡೆಯುತ್ತಿತ್ತು. ಎರಡನೇ ಸಂಗ್ರಹದಲ್ಲಿ 0.0000275ರಿಂದ ಗುಣಿಸಿ 0.2 ಕಳೆಯಬೇಕು. ಆ ಕಳೆಯುವಿಕೆ ಅನುಪಾತದಲ್ಲಿ ವಜಾ ಆಗುವುದಿಲ್ಲ. ಕೆಂಪು 0.05, ಅವಗೆಂಪು 0.35 ಇರುವ ಒಳ್ಳೆಯ ಹುಲ್ಲಿನ ನಿಜವಾದ ಸೂಚ್ಯಂಕ 0.75, ಕಳೆಯದೆ ಲೆಕ್ಕ ಹಾಕಿದರೆ 0.375. ಬುಗ್ಯಾಲ್ ನೋಡಿದ್ದ ಒಬ್ಬರಿಗೆ ಆ ಅಂಕಿ ಒಪ್ಪಿಗೆಯಾಗಲಿಲ್ಲ, ತಪ್ಪು ಹೊರಬಿತ್ತು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸುವವರಿಗೂ ಇಂಥದೇ ಒಂದು ಕುಣಿಕೆ ಇದೆ: 2022ರ ಜನವರಿ 25ರ ನಂತರ ಸಂಸ್ಕರಿಸಿದ ಚಿತ್ರಗಳಲ್ಲಿ 1,000 ಅಂಕಿ ಕೂಡಿಕೊಂಡಿರುತ್ತದೆ. ಅದನ್ನು ಕಳೆಯದೆ ಹಳೆಯದರ ಪಕ್ಕ ಇಟ್ಟರೆ ಕಾಡು ಒಂದೇ ವರ್ಷದಲ್ಲಿ ಬಡವಾಗುತ್ತದೆ.

ತಿದ್ದಿದ ಮೇಲೆ ಬಂದ ನಕ್ಷೆ ಕಣ್ಣಿಗೆ ಹಬ್ಬ. ಮರಗಳ ಗಡಿಯಿಂದ ಹಿಮನದಿಯ ಬಾಯಿಯವರೆಗೆ ಬಹುತೇಕ ಎಲ್ಲ ಹಸಿರು. ಓದಿದ ಪ್ರಬಂಧಕ್ಕೆ ತಾಳೆಯೂ ಆಗುತ್ತಿತ್ತು. ಕರಡು ವರದಿ ಅರ್ಧ ತಯಾರಾಗಿತ್ತು.

ಬಂಡೆಯ ಸಾಕ್ಷಿ

ಪ್ರಕರಣದ ತಿರುವು ಒಂದು ಸಾದಾ ಪರೀಕ್ಷೆಯಿಂದ ಬಂತು. ಬದಲಾಗಲು ಕಾರಣವೇ ಇಲ್ಲದ ಜಾಗಗಳನ್ನು ಆರಿಸಿ ಅವುಗಳ ಗೆರೆಯನ್ನೂ ನೋಡೋಣ ಎಂದು ಒಬ್ಬರು ಹೇಳಿದರು. ಬರಿಯ ಬಂಡೆಯ ಬೆಟ್ಟಮುಖ, ದಶಕಗಳಿಂದ ಅಲುಗದ ದೊಡ್ಡ ಕಲ್ಲುರಾಶಿ: ದಕ್ಷಿಣಕ್ಕೆ ಮುಖ ಮಾಡಿದ, ಹಿಮ ಬೇಗ ಕರಗುವ, ಹೆಚ್ಚು ಸ್ಪಷ್ಟತೆಯ ಚಿತ್ರದಲ್ಲಿ ಒಂದು ಪೊದೆಯೂ ಕಾಣದ ಜಾಗಗಳು.

ಆ ಬಂಡೆಗಳೂ ಹಸಿರಾಗಿದ್ದವು. ನಿಧಾನಕ್ಕಲ್ಲ, 2013ರಲ್ಲಿ ಒಂದೇ ಮೆಟ್ಟಿಲು ಹತ್ತಿ ಅಲ್ಲೇ ನಿಂತಿದ್ದವು. ಆ ವರ್ಷವೇ ಲ್ಯಾಂಡ್‌ಸ್ಯಾಟ್ 8 ಚಿತ್ರ ಕಳಿಸತೊಡಗಿದ್ದು.

ಕಾರಣ ಗುಟ್ಟಿನದೇನಲ್ಲ. ಲ್ಯಾಂಡ್‌ಸ್ಯಾಟ್ 7ರ ಅವಗೆಂಪು ಪಟ್ಟಿ 0.77ರಿಂದ 0.90 ಮೈಕ್ರೋಮೀಟರ್ ತರಂಗಾಂತರದವರೆಗೆ, 8ರದು 0.85ರಿಂದ 0.88 ಮಾತ್ರ. ಹಳೆಯ ಅಗಲ ಪಟ್ಟಿಯೊಳಗೆ ನೀರಾವಿ ಬೆಳಕು ಹೀರುವ ಒಂದು ಜಾಗವೂ ಬರುತ್ತದೆ, ಹೊಸದು ಅದನ್ನು ತಪ್ಪಿಸಿಕೊಂಡಿದೆ. ವಾತಾವರಣದ ತಿದ್ದುಪಡಿಗೆ ಬಳಸುವ ತಂತ್ರಾಂಶವೂ ಬೇರೆ: 5 ಮತ್ತು 7ಕ್ಕೆ ಒಂದು, 8ಕ್ಕೆ ಇನ್ನೊಂದು. ಬಯಲುಸೀಮೆಯ ಗದ್ದೆಯಲ್ಲಿ ಈ ವ್ಯತ್ಯಾಸ ಬೆಳೆಯ ಏರಿಳಿತದೊಳಗೆ ಮುಳುಗಿಹೋಗುತ್ತದೆ. ವಿರಳ ಗಿಡದ ಕಲ್ಲುನೆಲದಲ್ಲಿ ಅದೇ ದೊಡ್ಡ ಸುದ್ದಿ. ಎರಡು ಕಂಬಳಿ ಜೋಡಿಸಿದ ಹೊಲಿಗೆಯನ್ನು ಬೆಟ್ಟದ ಇತಿಹಾಸವೆಂದು ಓದಿದಂತಾಗಿತ್ತು.

ಎರವಲು ಗುಣಾಂಕ

ಇಲ್ಲಿ ತಂಡ ಅವಸರ ಮಾಡಿತು. 7ರ ಅಂಕಿಯನ್ನು 8ರ ಅಳತೆಗೆ ತರುವ ಗುಣಾಂಕಗಳು 2016ರಲ್ಲೇ ಪ್ರಕಟವಾಗಿವೆ, ಎಲ್ಲರ ಸ್ಕ್ರಿಪ್ಟ್‌ನಲ್ಲೂ ಅವೇ ಓಡಾಡುತ್ತವೆ. ಕೆಂಪಿಗೆ: 0.9047ರಿಂದ ಗುಣಿಸಿ 0.0061 ಕೂಡಿಸು. ಅವಗೆಂಪಿಗೆ: 0.8462ರಿಂದ ಗುಣಿಸಿ 0.0412 ಕೂಡಿಸು. ಹಾಕಿದರು. ನಕ್ಷೆ ಮಗುಚಿಕೊಂಡಿತು. ಈಗ ಎತ್ತರದ ಪಟ್ಟಿಯೆಲ್ಲ ಒಣಗುತ್ತಿರುವಂತೆ ಕಂಡಿತು.

ಕಾಗದದ ಮೇಲೆ ಮೂರು ಪಿಕ್ಸೆಲ್ ಲೆಕ್ಕ ಹಾಕಿದಾಗ ವಿಷಯ ಗೊತ್ತಾಯಿತು. ದಟ್ಟ ಹುಲ್ಲು, ಕೆಂಪು 0.05, ಅವಗೆಂಪು 0.35: ಸೂಚ್ಯಂಕ 0.75 ಇದ್ದದ್ದು ತಿದ್ದಿದ ಮೇಲೆ 0.736. ಪರವಾಗಿಲ್ಲ. ವಿರಳ ಗಿಡ, ಕೆಂಪು 0.10, ಅವಗೆಂಪು 0.13: 0.13 ಇದ್ದದ್ದು 0.22 ಆಯಿತು. ಬರಿಯ ಬಂಡೆ, ಕೆಂಪು 0.20, ಅವಗೆಂಪು 0.23: 0.07 ಇದ್ದದ್ದು 0.115. ಅಂದರೆ ಹಳೆಯ ಚಿತ್ರದ ಬಂಡೆಯೇ ಸಸ್ಯವೆಂದು ಎಣಿಸುವ 0.1ರ ಗಡಿ ದಾಟಿ ಕೂತಿತ್ತು. ಹಳೆಯ ಕಾಲ ಹೀಗೆ ಕೃತಕವಾಗಿ ಹಸಿರಾದರೆ ಹೊಸ ಕಾಲ ಒಣಗಿದಂತೆ ಕಾಣದೆ ಇನ್ನೇನು?

ಗುಣಾಂಕದಲ್ಲಿ ತಪ್ಪಿಲ್ಲ. ಅವು ಅಮೆರಿಕದ ನೆಲದ ಅಪಾರ ಪಿಕ್ಸೆಲ್‌ಗಳ ಸರಾಸರಿ ಸಂಬಂಧ. ಆ 0.0412 ಎಂಬ ಕೂಡಿಸುವ ಅಂಕಿ ಹೊಲ, ಕಾಡುಗಳ ಅವಗೆಂಪಿಗೆ ಹೋಲಿಸಿದರೆ ಸಣ್ಣದು, ಅವಗೆಂಪು 0.13 ಮಾತ್ರ ಇರುವ ಹಿಮಾಲಯದ ಕಲ್ಲುನೆಲಕ್ಕೆ ಅದು ಮೂರನೇ ಒಂದು ಭಾಗ. ಪ್ರಕಟವಾದ ಗುಣಾಂಕವೆಂದು ಕಣ್ಣುಮುಚ್ಚಿ ಹಾಕುವವರು ಮೊದಲು ತಮ್ಮ ನೆಲದ ಒಂದು ಬಂಡೆ ಪಿಕ್ಸೆಲ್ ಮೇಲೆ ಅದನ್ನು ಓಡಿಸಿ ನೋಡಬೇಕು. ಐದು ನಿಮಿಷದ ಕೆಲಸ.

ಸ್ಥಳೀಯ ಜೋಡಣೆ

ಉಳಿದದ್ದು ತಮ್ಮದೇ ಗುಣಾಂಕ ಕಟ್ಟಿಕೊಳ್ಳುವುದು. 7 ಮತ್ತು 8 ಒಂದೇ ಪಥದಲ್ಲಿ ಎಂಟು ದಿನದ ಅಂತರದಲ್ಲಿ ಹಾದುಹೋಗುತ್ತಿದ್ದವು. 2013ರಿಂದ 2016ರವರೆಗಿನ ಅಂಥ ಜೋಡಿಗಳನ್ನು ತೆಗೆದು, ಎರಡರಲ್ಲೂ ಮೋಡ, ಹಿಮ, ನೆರಳು ಇಲ್ಲದ ಪಿಕ್ಸೆಲ್‌ಗಳಲ್ಲಿ ಬಂಡೆ, ವಿರಳ ಗಿಡ, ಹುಲ್ಲು, ಪೊದೆ ಎಂದು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದ ಸಮಸಂಖ್ಯೆಯ ಮಾದರಿ ತೆಗೆದರು. ಸಮಸಂಖ್ಯೆ ಇಲ್ಲದಿದ್ದರೆ ಹೆಚ್ಚು ವಿಸ್ತೀರ್ಣದ ಹುಲ್ಲೇ ಗೆರೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. 2017ರ ನಂತರದ 7ರ ಚಿತ್ರಗಳನ್ನು ಕೈಬಿಟ್ಟರು. ಆಮೇಲೆ ಅದರ ಕಕ್ಷೆಯನ್ನು ಸರಿಪಡಿಸುವುದು ನಿಂತು, ಅದು ವರ್ಷ ವರ್ಷ ಇನ್ನಷ್ಟು ಬೆಳಗ್ಗೆಯೇ ಹಾದುಹೋಗತೊಡಗಿತ್ತು. ಬಯಲಿನಲ್ಲಿ ಇದು ಅಷ್ಟು ಬಾಧಿಸದು. ಕಡಿದಾದ ಕಣಿವೆಯಲ್ಲಿ ನೆರಳಿನ ಗೆರೆಯೇ ಸರಿಯುತ್ತದೆ.

ಇಲ್ಲೊಂದು ಸೂಕ್ಷ್ಮ. ಸೆಪ್ಟೆಂಬರ್ ಕೊನೆಗೆ ಬುಗ್ಯಾಲ್ ದಿನದಿನಕ್ಕೆ ಹಳದಿಯಾಗುತ್ತದೆ. ಎಂಟು ದಿನದಲ್ಲಿ ಹುಲ್ಲೇ ಬದಲಾಗಿರುತ್ತದೆ. ಎಲ್ಲ ಜೋಡಿಯಲ್ಲೂ 7 ಮೊದಲು, 8 ಆಮೇಲೆ ಬಂದಿದ್ದರೆ ಆ ಒಣಗುವಿಕೆ ಉಪಕರಣದ ವ್ಯತ್ಯಾಸವೆಂದು ದಾಖಲಾಗುತ್ತದೆ. ಆದ್ದರಿಂದ 7 ಮೊದಲು ಬಂದ ಜೋಡಿಗಳಷ್ಟೇ 8 ಮೊದಲು ಬಂದ ಜೋಡಿಗಳನ್ನೂ ಸೇರಿಸಿದರು, ಎರಡೂ ಕಡೆಯ ಒಣಗುವಿಕೆ ಪರಸ್ಪರ ಕಳೆದುಹೋಗುವಂತೆ. ನಡುವೆ ಹೊಸ ಹಿಮ ಬಿದ್ದ ಜೋಡಿಗಳನ್ನು ತೆಗೆದುಹಾಕಿದರು. 5 ಮತ್ತು 7ರ ನಡುವೆಯೂ 1999ರಿಂದ 2011ರವರೆಗಿನ ಚಿತ್ರಗಳಿಂದ ಇದೇ ಕ್ರಮ. ಕೊನೆಗೆ ಬಂಡೆಗಳ ಗೆರೆ ನೋಡಿದರೆ 2013ರ ಮೆಟ್ಟಿಲು ಹೋಗಿತ್ತು.

ಎಣಿಕೆಯ ಮೋಸ

ಆದರೂ ನಕ್ಷೆಯಲ್ಲಿ ಒಂದು ವಿಚಿತ್ರ ಉಳಿದಿತ್ತು. ಹಿಗ್ಗಿಸಿ ನೋಡಿದರೆ ಪೂರ್ವದಿಂದ ಪಶ್ಚಿಮಕ್ಕೆ ತುಸು ಓರೆಯಾಗಿ ಹಸಿರು ಪಟ್ಟೆಗಳು, ನಾರುಮಡಿಯ ಗೆರೆಯ ಹಾಗೆ. ಗುಡ್ಡ ಏರಿ, ತೊರೆ ದಾಟಿ, ಬಂಡೆ ಹಾಯ್ದು ಒಂದೇ ಅಗಲದಲ್ಲಿ ಹೋಗುತ್ತಿದ್ದವು. ಯಾವ ಗಿಡವೂ ಹಾಗೆ ಬೆಳೆಯುವುದಿಲ್ಲ.

ಪಟ್ಟೆಗಳು ಲ್ಯಾಂಡ್‌ಸ್ಯಾಟ್ 7ರ ಗುರುತು. 2003ರ ಮೇ 31ರಂದು ಅದರ ಸ್ಕ್ಯಾನ್ ಸರಿಪಡಿಸುವ ಭಾಗ ಕೆಟ್ಟು, ಆಮೇಲಿನ ಪ್ರತಿ ಚಿತ್ರದಲ್ಲಿ ಸುಮಾರು ಶೇ 22ರಷ್ಟು ಪಿಕ್ಸೆಲ್‌ಗಳು ಖಾಲಿ ಬಂದವು. ಪಟ್ಟೆಯೊಳಗಿನ ಪಿಕ್ಸೆಲ್‌ಗೆ ವರ್ಷಕ್ಕೆ ಒಂದೋ ಎರಡೋ ನೋಟ, ಪಕ್ಕದ್ದಕ್ಕೆ ನಾಲ್ಕೈದು. ಗರಿಷ್ಠ ಆರಿಸುವ ಕ್ರಮದಲ್ಲಿ ನೋಟ ಹೆಚ್ಚಿದ್ದಷ್ಟೂ ಗರಿಷ್ಠ ಮೇಲೇರುತ್ತದೆ. ಲೆಕ್ಕ ಸರಳ: ನಿಜವಾದ ಸೂಚ್ಯಂಕ 0.20, ಪ್ರತಿ ನೋಟದ ಏರುಪೇರಿನ ಮಾನಕ ವಿಚಲನೆ 0.03 ಎಂದಿಟ್ಟುಕೊಳ್ಳಿ. ಎರಡು ನೋಟದ ಗರಿಷ್ಠ ಸರಾಸರಿ 0.217 ಬರುತ್ತದೆ, ಹತ್ತು ನೋಟದ ಗರಿಷ್ಠ 0.246. ಒಂದು ಎಲೆಯೂ ಚಿಗುರದೆ 0.03ರ ಏರಿಕೆ. ಹಿಮಾಲಯದ ಹಳೆಯ ವರ್ಷಗಳಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರ ವಿರಳ, 2013ರಿಂದ ಧಾರಾಳ. ಗರಿಷ್ಠದ ಮೇಲೆ ಕಟ್ಟಿದ ಯಾವ ಒಲವೂ ಹಾಗಾಗಿ ಮೇಲ್ಮುಖವಾಗಿಯೇ ಹುಟ್ಟುತ್ತದೆ. ಆ ಪಟ್ಟೆಗಳು ಕಾಣದಿದ್ದರೆ ಇದು ವರದಿಯೊಳಗೆ ಹೋಗಿಬಿಡುತ್ತಿತ್ತು. ಕೆಟ್ಟ ಯಂತ್ರವೇ ಸುಳಿವು ಕೊಟ್ಟಿತು.

ನಿರ್ಧಾರ ನೋವಿನದು. ವರ್ಷವಾರು ಗೆರೆಯ ಆಸೆ ಬಿಟ್ಟರು. ನಾಲ್ಕು ಕಾಲಾವಧಿ ಮಾಡಿಕೊಂಡರು: 1999–2002, 2008–2011, 2014–2017, 2018–2021. ಪ್ರತಿ ಅವಧಿಯಲ್ಲೂ ಕನಿಷ್ಠ ಮೂರು ಶುದ್ಧ ನೋಟ ಇರುವ ಪಿಕ್ಸೆಲ್ ಮಾತ್ರ ಲೆಕ್ಕಕ್ಕೆ. ಹೆಚ್ಚು ಇದ್ದರೆ ಕುರುಡು ಆಯ್ಕೆಯಿಂದ ಮೂರನ್ನೇ ತೆಗೆದು ಮಧ್ಯಕ ನೋಡುವುದು, ಅದನ್ನು ಐವತ್ತು ಸಲ ಮಾಡಿ ಎಷ್ಟು ಅಲ್ಲಾಡುತ್ತದೆ ಎಂದು ಗುರುತಿಸುವುದು. 1999ಕ್ಕಿಂತ ಹಿಂದಿನದನ್ನು ಪೂರ್ತಿ ಕೈಬಿಟ್ಟರು. ಮೂವತ್ತು ವರ್ಷದ ಕಥೆ ಇಪ್ಪತ್ತಕ್ಕೆ ಇಳಿಯಿತು ಎಂದು ಬೇಸರಪಟ್ಟವರಿದ್ದರು. ಆ ಹತ್ತು ವರ್ಷಕ್ಕೆ ಇದ್ದ ದತ್ತಾಂಶ ಅಷ್ಟಕ್ಕಷ್ಟೇ.

ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನೂ ಬದಲಿಸಬೇಕಾಯಿತು. ಹತ್ತು ಲಕ್ಷ ಪಿಕ್ಸೆಲ್‌ಗಳನ್ನು ಒಂದೊಂದಾಗಿ ಶೇ 5ರ ಮಟ್ಟದಲ್ಲಿ, ಅಂದರೆ ನೂರಕ್ಕೆ ಐದು ಆಕಸ್ಮಿಕ ತಪ್ಪನ್ನು ಒಪ್ಪಿ, ಪರೀಕ್ಷಿಸಿದರೆ ಏನೂ ಬದಲಾಗದಿದ್ದರೂ ಐವತ್ತು ಸಾವಿರ ಕಡೆ ಬದಲಾವಣೆ ಸಿಗುತ್ತದೆ. ಅದರ ಬದಲು ಬಂಡೆಯನ್ನೇ ಅಳತೆಗೋಲು ಮಾಡಿದರು: ಬಂಡೆ ಪಿಕ್ಸೆಲ್‌ಗಳಲ್ಲಿ ನೂರಕ್ಕೆ ತೊಂಬತ್ತೈದು ಎಷ್ಟು ಏರುಪೇರಿನೊಳಗೆ ಇವೆಯೋ ಅದನ್ನು ಮೀರಿದ್ದು ಮಾತ್ರ ಬದಲಾವಣೆ. ಹುಲ್ಲು ಬಂಡೆಗಿಂತ ಹೆಚ್ಚು ಅಲ್ಲಾಡುವುದರಿಂದ ಅದಕ್ಕೆ ಬೇರೆ, ದೊಡ್ಡ ಗಡಿ.

ನೆರಳು, ಹಿಮ, ಮೋಡ

ಈ ಮೂರು ಎಲ್ಲ ಕೈಪಿಡಿಯಲ್ಲೂ ಇರುವುದರಿಂದ ಚುಟುಕಾಗಿ. ಜತೆಗೆ ಬರುವ ಮೋಡದ ಪದರ ಎತ್ತರದಲ್ಲಿ ಆಗಾಗ ಹಿಮವನ್ನು ಮೋಡವೆಂದೂ ಬೆಟ್ಟದ ನೆರಳನ್ನು ನೀರೆಂದೂ ಹೇಳುತ್ತದೆ, ಪ್ರತಿ ಚಿತ್ರವನ್ನೂ ಒಮ್ಮೆ ಕಣ್ಣಾರೆ ನೋಡದೆ ಗತಿಯಿಲ್ಲ. ನೆರಳಿಗೆ ಯುರೋಪಿನ ಕೋಪರ್ನಿಕಸ್ ಕಾರ್ಯಕ್ರಮದ, 30 ಮೀಟರ್ ಸ್ಪಷ್ಟತೆಯ ನೆಲದ ಎತ್ತರದ ಮಾದರಿಯಿಂದ ಪ್ರತಿ ಚಿತ್ರದ ಸೂರ್ಯನ ಕೋನಕ್ಕೆ ಲೆಕ್ಕ ಹಾಕಿ, ಬಿಸಿಲು ತೀರಾ ಓರೆಯಾಗಿ ಬೀಳುವ ಪಿಕ್ಸೆಲ್‌ಗಳನ್ನು ತೆಗೆದರು. ಸೂಚ್ಯಂಕ ಅನುಪಾತವಾದ್ದರಿಂದ ನೆರಳು ತಾನಾಗಿ ಕಳೆಯುತ್ತದೆ ಎಂಬ ಮಾತು ಅರ್ಧಸತ್ಯ. ಪೂರ್ತಿ ನೆರಳಿನಲ್ಲಿ ಬರುವುದು ಆಕಾಶದ ಚದುರಿದ ಬೆಳಕು, ಅದರಲ್ಲಿ ಅವಗೆಂಪು ಕಡಿಮೆ. ಅಲ್ಲಿನ ಸೂಚ್ಯಂಕ ನಂಬಲರ್ಹವಲ್ಲ.

ಮೋಡದ್ದು ಮಾತ್ರ ಆಳದ ಸಮಸ್ಯೆ. ಹುಲ್ಲು ತುಂಬಿ ನಿಲ್ಲುವುದು ಜುಲೈ, ಆಗಸ್ಟ್‌ನಲ್ಲಿ. ಆಗ ಮುಂಗಾರು ಕಣಿವೆಯನ್ನು ಮುಚ್ಚಿರುತ್ತದೆ. ನಮ್ಮ ಕುದುರೆಮುಖದ ಹುಲ್ಲುಗುಡ್ಡಗಳನ್ನು ಉಪಗ್ರಹದಿಂದ ನೋಡಿದವರಿಗೂ ಈ ಕಷ್ಟ ಗೊತ್ತು. ಆಕಾಶ ತಿಳಿಯಾಗುವುದು ಸೆಪ್ಟೆಂಬರ್ ಮಧ್ಯದ ನಂತರ, ಹುಲ್ಲು ಒಣಗತೊಡಗಿದ ಮೇಲೆ. ತಂಡ ಸೆಪ್ಟೆಂಬರ್ 10ರಿಂದ ಅಕ್ಟೋಬರ್ 20ರ ಕಿಂಡಿಯನ್ನು ಇಟ್ಟುಕೊಂಡಿತು. ಆ ಕಿಂಡಿಯಲ್ಲಿ ಹಸಿರಾಗಿ ಉಳಿಯುವುದು ನಿತ್ಯಹರಿದ್ವರ್ಣದ ಜುನಿಪರ್ ಮತ್ತು ರೋಡೋಡೆಂಡ್ರಾನ್. ಅಳೆದದ್ದು ಸಸ್ಯವನ್ನಲ್ಲ, ಮುಂಗಾರು ಕಳೆದ ಮೇಲೂ ಉಳಿದ ಹಸಿರನ್ನು. ಪ್ರಶ್ನೆಯೇ ಬದಲಾಗಿತ್ತು, ವರದಿಯ ಶೀರ್ಷಿಕೆಯನ್ನೂ ಬದಲಿಸಬೇಕೆಂದು ತಂಡ ಪಟ್ಟುಹಿಡಿಯಿತು.

ಬೆಟ್ಟ ಹತ್ತಿದ ಮೇಲೆ

ಸೋಸಿ ಉಳಿದ ಹಸಿರು ಮೂರು ಕಡೆ ಗುಂಪುಗೂಡಿತ್ತು: ಮರಗಳ ಗಡಿಯ ಮೇಲಿನ ಇಳಿಜಾರು, ಹಿಂದೆ ಸರಿದ ಹಿಮನದಿಯ ಪಕ್ಕದ ಹಳೆಯ ಕಲ್ಲುದಿಬ್ಬ, ಮತ್ತು ಬುಗ್ಯಾಲ್ ನಡುವೆ ಚದುರಿದ ಗಾಢ ಚುಕ್ಕೆಗಳು. ಎತ್ತರದ ಕಲ್ಲುರಾಶಿಯ ಹಸಿರಿನಲ್ಲಿ ಬಹುಪಾಲು ಕರಗಿಹೋಗಿತ್ತು.

ಪರಿಶೀಲನೆಗೆ ಆರಿಸಿದ್ದು 90 ಮೀಟರ್ ಚೌಕದ ಜಾಗಗಳು, ಅಂದರೆ ಮೂರು ಪಿಕ್ಸೆಲ್ ಅಗಲ, ಮೂರು ಉದ್ದ. ಚಿತ್ರದ ಜೋಡಣೆಯಲ್ಲೇ ಹತ್ತು ಹನ್ನೆರಡು ಮೀಟರ್ ಆಚೀಚೆ ಇರುತ್ತದೆ, ಕಣಿವೆಯಲ್ಲಿ ಫೋನಿನ ಜಿಪಿಎಸ್ ಇನ್ನಷ್ಟು ಸೇರಿಸುತ್ತದೆ. ಒಂದೇ ಪಿಕ್ಸೆಲ್ ಹುಡುಕಿಕೊಂಡು ಹೋದರೆ ಪಕ್ಕದ್ದರಲ್ಲಿ ನಿಂತಿರುತ್ತೀರಿ. ಪ್ರತಿ ಚೌಕದಲ್ಲಿ ಒಂದು ಮೀಟರಿನ ಒಂಬತ್ತು ಚೌಕಟ್ಟು, ಪ್ರತಿಯೊಂದರ ಮೇಲಿನಿಂದ ಎದೆಯೆತ್ತರದ ನೇರ ಫೋಟೋ, ಕಲ್ಲು, ಒಣಹುಲ್ಲು, ಹಸಿರು, ಪೊದೆ ಎಷ್ಟೆಷ್ಟು ಎಂದು ಬರಹ. 4,000 ಮೀಟರ್ ದಾಟಿದ ಮೇಲೆ ದಿನಕ್ಕೆ ಮೂರು ಚೌಕ ಮುಗಿದರೆ ಹೆಚ್ಚು.

ಇಳಿಜಾರಿನಲ್ಲಿ ಪೊದೆ ನಿಜಕ್ಕೂ ಕೂಡಿಕೊಂಡಿತ್ತು. ಕಲ್ಲುದಿಬ್ಬದಲ್ಲಿ ಹಾಸುಗಿಡಗಳು ಬೇರುಬಿಟ್ಟಿದ್ದವು. ಗಾಢ ಚುಕ್ಕೆಗಳ ಹತ್ತಿರ ಹೋದಾಗ ಮಾತ್ರ ಎಲ್ಲರೂ ಸುಮ್ಮನಾದರು. ಅವು ಖರಕ್‌ಗಳು, ಕುರಿಗಾಹಿಗಳು ಬೇಸಿಗೆಯಲ್ಲಿ ಮಂದೆ ಕೂಡಿಹಾಕುವ ಜಾಗಗಳು. ವರ್ಷಗಟ್ಟಲೆ ಬಿದ್ದ ಕುರಿಹಿಕ್ಕೆಯ ಸಾರಕ್ಕೆ ರುಮೆಕ್ಸ್ ನೇಪಾಲೆನ್ಸಿಸ್ ಎಂಬ ಅಗಲೆಲೆಯ ಕಳೆ ಒತ್ತೊತ್ತಾಗಿ ಎದ್ದಿತ್ತು. ಮಂದೆ ಅದಕ್ಕೆ ಬಾಯಿಹಾಕುವುದಿಲ್ಲ. ನಕ್ಷೆಯಲ್ಲಿ ಎಲ್ಲಕ್ಕಿಂತ ಆರೋಗ್ಯವಾಗಿ ಕಂಡದ್ದು ಮೇವಿನ ಲೆಕ್ಕದಲ್ಲಿ ಹಾಳುಬಿದ್ದ ನೆಲ. ಜತೆಗಿದ್ದ ಕುರಿಗಾಹಿಯೊಬ್ಬರಿಗೆ ನಕ್ಷೆ ತೋರಿಸಿದಾಗ, ಯಾವ ಖರಕ್ ಈಗ ಬಳಕೆಯಲ್ಲಿದೆ, ಯಾವುದನ್ನು ಬಿಟ್ಟು ಎಷ್ಟು ವರ್ಷವಾಯಿತು ಎಂದು ಅವರು ಕೂತಲ್ಲೇ ಬೆರಳಿಟ್ಟು ಹೇಳಿದರು. ಮೊದಲ ದಿನವೇ ಅವರ ಮುಂದೆ ನಕ್ಷೆ ಹರಡಿದ್ದರೆ ತಿಂಗಳುಗಳು ಉಳಿಯುತ್ತಿದ್ದವು.

ಮೇಯಿಸುವುದು ನಿಂತರೆ ಎಲ್ಲ ಸರಿಹೋಗುತ್ತದೆ ಎಂದು ಇದರಿಂದ ಯಾರೂ ಹೊರಡಬಾರದು. ಚಮೋಲಿ ಜಿಲ್ಲೆಯ ಹೂವಿನ ಕಣಿವೆ 1982ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಮೇಯಿಸುವುದು ನಿಂತ ಮೇಲೆ, ಪಾಲಿಗೋನಮ್ ಎಂಬ ಎತ್ತರದ ಗಿಡ ಹಬ್ಬಿ ಹೂಗಿಡಗಳನ್ನು ಮುಚ್ಚತೊಡಗಿತೆಂಬ ವಾದ ಇಂದಿಗೂ ನಡೆದಿದೆ. ಉಪಗ್ರಹಕ್ಕೆ ಅದೂ ಹಸಿರೇ.

ವರದಿ

ಕೊನೆಯ ನಕ್ಷೆಯಲ್ಲಿ ಒಂದೇ ಹಸಿರು ಬಣ್ಣ ಇರಲಿಲ್ಲ. ಪೊದೆ ಹೆಚ್ಚಿದ ಜಾಗ, ಹೊಸದಾಗಿ ಬೇರುಬಿಟ್ಟ ಕಲ್ಲುನೆಲ, ಕಳೆ ತುಂಬಿದ ಖರಕ್ ಎಂದು ಬೇರೆ ಬೇರೆ ಬಣ್ಣ. ಬಂಡೆಯ ಏರುಪೇರಿನೊಳಗೇ ಉಳಿದದ್ದು ಬೂದು. ಪಕ್ಕದಲ್ಲಿ ಇನ್ನೊಂದು ನಕ್ಷೆ: ಪ್ರತಿ ಪಿಕ್ಸೆಲ್‌ಗೆ ಪ್ರತಿ ಅವಧಿಯಲ್ಲಿ ಎಷ್ಟು ಶುದ್ಧ ನೋಟ ಸಿಕ್ಕಿತ್ತು ಎಂಬ ಎಣಿಕೆ. ಪುನಃ ಇಂಥ ಕೆಲಸ ಬಂದರೆ ಮೊದಲು ತಯಾರಿಸುವುದು ಈ ಎಣಿಕೆಯ ನಕ್ಷೆಯನ್ನೇ, ಎರಡನೆಯದು ಬಂಡೆಗಳ ಗೆರೆ, ಆಮೇಲೆ ಉಳಿದದ್ದು ಎಂದು ತಂಡ ತನ್ನ ಕೆಲಸದ ಕ್ರಮವನ್ನು ಬದಲಿಸಿಕೊಂಡಿತು. ಆಗ ಗುರುತಿಸಿದ ಬಂಡೆಗಳ ಪಟ್ಟಿ ಹಾಗೆಯೇ ಇದೆ; ಲ್ಯಾಂಡ್‌ಸ್ಯಾಟ್ 9ರ ಚಿತ್ರಗಳನ್ನು ಸೇರಿಸುವಾಗಲೂ ಅವೇ ಬಂಡೆಗಳ ಮೇಲೆ ಮೊದಲು ಓಡಿಸಿದರು.

ಉತ್ತರಕ್ಕೂ ವಾಯವ್ಯಕ್ಕೂ ಮುಖ ಮಾಡಿದ ಕಡಿದಾದ ಇಳಿಜಾರುಗಳು ಉಪಗ್ರಹ ಹಾದುಹೋಗುವ ಬೆಳಗಿನ ಹೊತ್ತಿಗೆ ನೆರಳಿನಲ್ಲೇ ಇರುವುದರಿಂದ ನಕ್ಷೆಯಲ್ಲಿ ಬಿಳಿಯಾಗಿ ಉಳಿದವು. ಕಚೇರಿಯವರು ಆ ಬಿಳಿ ತುಂಬಿಸಿ ಕೊಡಲು ಎರಡು ಸಲ ಕೇಳಿದರು. ಅಕ್ಕಪಕ್ಕದ ಪಿಕ್ಸೆಲ್ ನೋಡಿ ತುಂಬಿಸುವುದು ಕಷ್ಟವೇನಲ್ಲ, ನೋಡಲು ಚೆನ್ನಾಗಿಯೂ ಇರುತ್ತಿತ್ತು. ತಂಡ ತುಂಬಿಸಲಿಲ್ಲ. ಬಿಳಿಯ ಮೇಲೆ ‘ನೋಟವಿಲ್ಲ’ ಎಂದು ಅಚ್ಚುಹಾಕಿ ಕಳಿಸಿತು.